ದಾರಿ ಬಲ್ಲ ಎತ್ತು, ಊರು ಬಲ್ಲ ಗಾಡಿಯವ

ರಜಾ ದಿನ ಹೆಂಡತಿ ಮಕ್ಕಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮದುವೆಮನೆಗೆ ಹೊರಟ ಗುಮಾಸ್ತ ವೃತ್ತಕ್ಕೆ ಬಂದವನೇ ಬಲಕ್ಕೆ ತಿರುಗುವ ಬದಲು ಎಡಕ್ಕೆ ತಿರುಗುತ್ತಾನೆ. ಅರ್ಧ ಕಿಲೋಮೀಟರು ಹೋದ ಮೇಲೆ ಹಿಂದಿನಿಂದ ಹೆಂಡತಿಯ ದನಿ ಬರುತ್ತದೆ: "ಇವತ್ತೂ ಆಫೀಸೇನ್ರೀ?" ಮಕ್ಕಳು ಕಿಸಕ್ಕನೆ ನಗುತ್ತಾರೆ. ಅವನೂ ಪೆಚ್ಚಾಗಿ ನಕ್ಕು, "ಮರೆತೇ ಹೋಯ್ತು ನೋಡು" ಎನ್ನುತ್ತ ಸ್ಕೂಟರು ತಿರುಗಿಸುತ್ತಾನೆ.

ಇಂಥ ಪ್ರಸಂಗ ನಡೆಯದ ಮನೆ ಅಪರೂಪ. ಆದರೆ ಗುಮಾಸ್ತನ ಸಮಜಾಯಿಷಿ ಮಾತ್ರ ಸರಿಯಲ್ಲ. ಅವನು ಏನನ್ನೂ ಮರೆತಿರಲಿಲ್ಲ. ಮದುವೆಮನೆಯ ವಿಳಾಸ ನೆನಪಿತ್ತು, ಮುಹೂರ್ತದ ಹೊತ್ತೂ ನೆನಪಿತ್ತು. ವೃತ್ತದಲ್ಲಿ ಹ್ಯಾಂಡಲು ತಿರುಗಿಸಿದ್ದು ಇನ್ನೊಂದು ನೆನಪು. ಹತ್ತಾರು ವರ್ಷ ದಿನವೂ ಅದೇ ಜಾಗದಲ್ಲಿ ಎಡಕ್ಕೆ ತಿರುಗಿ ತಿರುಗಿ ಬೇರೂರಿದ ಆ ನೆನಪು, ಯಜಮಾನನ ಅಪ್ಪಣೆಗೂ ಕಾಯದೆ ತನ್ನ ಕೆಲಸ ಮಾಡಿ ಮುಗಿಸಿತ್ತು.

ಹಳ್ಳಿಯ ಹಿರಿಯರಿಗೆ ಇದು ಹೊಸ ಸಂಗತಿಯಲ್ಲ. ಸಂತೆ ಮುಗಿಸಿ ಹೊರಟ ಗಾಡಿಯವನು ಹುಲ್ಲಿನ ಮೇಲೆ ಒರಗಿ ನಿದ್ದೆಹೋದರೂ ಎತ್ತುಗಳು ಗಾಡಿಯನ್ನು ಮನೆಯ ಮುಂದೆ ತಂದು ನಿಲ್ಲಿಸುತ್ತಿದ್ದವು. ಎತ್ತಿಗೆ ದಾರಿ ಗೊತ್ತು. ಆದರೆ ನಡುವೆ ಹಳ್ಳ ಬಂದು ದಾರಿ ಕೊಚ್ಚಿಹೋಗಿದ್ದರೆ ಅದು ಅಲ್ಲೇ ನಿಲ್ಲುತ್ತದೆ. ಆಗ ಎದ್ದು ಕಣ್ಣುಜ್ಜಿಕೊಂಡು, ತೋಪಿನ ಹಿಂದಿನಿಂದ ಬಳಸಿ ಹೋದರೆ ಕೆರೆಯ ಏರಿ ಸಿಗುತ್ತದೆ ಎಂದು ಲೆಕ್ಕ ಹಾಕಬೇಕಾದವನು ಗಾಡಿಯವನೇ.

ಪ್ರತಿಯೊಬ್ಬರ ತಲೆಯೊಳಗೂ ಇಂಥದೊಂದು ಎತ್ತು, ಇಂಥವನೊಬ್ಬ ಗಾಡಿಯವ ಇದ್ದಾರೆ ಎಂಬುದನ್ನು ಮಿದುಳಿನ ವಿಜ್ಞಾನ ತೋರಿಸಿಕೊಟ್ಟಿದೆ. ಪರಿಚಿತ ದಾರಿಯಲ್ಲಿ ಸಾಗುವಾಗ ಇಬ್ಬರಲ್ಲಿ ಎಚ್ಚರವಾಗಿರುವವರು ಯಾರು? ಗಾಡಿಯವ ಏಳುವುದನ್ನೇ ಕಲಿಯದಿದ್ದರೆ ಏನಾಗುತ್ತದೆ? ಮಕ್ಕಳನ್ನು ಬೆಳೆಸುವವರೂ ಮನೆಯ ಹಿರಿಯರನ್ನು ನೋಡಿಕೊಳ್ಳುವವರೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವು.

ಇಲಿಗಳು ಬಿಡಿಸಿದ ಜಗಳ

ದಾರಿಯ ನೆನಪೆಂದರೆ ಏನು ಎಂಬ ಬಗ್ಗೆ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಮನೋವಿಜ್ಞಾನಿಗಳ ನಡುವೆ ದೊಡ್ಡ ಜಗಳವೇ ನಡೆದಿತ್ತು. ಪ್ರಾಣಿಯೊಂದು ದಾರಿ ಕಲಿಯುವುದೆಂದರೆ 'ಇಲ್ಲಿ ಎಡಕ್ಕೆ, ಅಲ್ಲಿ ಬಲಕ್ಕೆ' ಎಂಬ ತಿರುವುಗಳ ಸರಪಳಿಯನ್ನು ಮೈಗೂಡಿಸಿಕೊಳ್ಳುವುದು, ಅದಕ್ಕಿಂತ ಹೆಚ್ಚೇನಿಲ್ಲ ಎಂದು ಒಂದು ಪಕ್ಷ ಹೇಳುತ್ತಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಡ್ವರ್ಡ್ ಟೋಲ್ಮನ್ ಇದನ್ನು ಒಪ್ಪಲಿಲ್ಲ.

ಅವರು ತಮ್ಮ ಸಂಗಡಿಗರೊಂದಿಗೆ ನಡೆಸಿ 1946ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಹೀಗಿತ್ತು. ಸುತ್ತುಬಳಸಿನ ಒಂದೇ ದಾರಿಯಲ್ಲಿ ಓಡಿ ತಿಂಡಿ ಇರುವ ಜಾಗ ತಲುಪುವುದನ್ನು ಇಲಿಗಳಿಗೆ ಕಲಿಸಲಾಯಿತು. ಆಮೇಲೆ ಆ ದಾರಿಯನ್ನು ಮುಚ್ಚಿ, ಸೂರ್ಯನ ಕಿರಣಗಳಂತೆ ನಾನಾ ದಿಕ್ಕಿಗೆ ಹರಡಿದ ಹೊಸ ದಾರಿಗಳನ್ನು ಇಡಲಾಯಿತು. ಮುಚ್ಚಿದ ದಾರಿಗೆ ಹತ್ತಿರದ್ದನ್ನು ಇಲಿಗಳು ಹಿಡಿಯಬಹುದೆಂದು ಯಾರಾದರೂ ಊಹಿಸುತ್ತಿದ್ದರು. ಆದರೆ ಅತಿ ಹೆಚ್ಚು ಇಲಿಗಳು ಆರಿಸಿಕೊಂಡದ್ದು ತಿಂಡಿ ಇದ್ದ ಜಾಗದ ಕಡೆಗೆ ನೇರವಾಗಿ ಸಾಗುವ, ಹಿಂದೆಂದೂ ತುಳಿಯದ ದಾರಿಯನ್ನು! ಇಲಿಯ ತಲೆಯಲ್ಲೂ ಒಂದು ನಕ್ಷೆ ಇರಬೇಕು ಎಂದು ಟೋಲ್ಮನ್ 1948ರಲ್ಲಿ ವಾದಿಸಿದರು.

ಆ ನಕ್ಷೆ ಎಲ್ಲಿದೆ ಎಂಬುದರ ಮೊದಲ ಸುಳಿವು ಸಿಕ್ಕಿದ್ದು 1971ರಲ್ಲಿ. ಕಿವಿಯ ಮಟ್ಟದಲ್ಲಿ, ಮಿದುಳಿನ ಒಳಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದರಂತೆ ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗಗಳಿವೆ. ಕಡಲ್ಗುದುರೆಯ ಆಕಾರವನ್ನು ಹೋಲುವುದರಿಂದ ಬಂದ ಗ್ರೀಕ್ ಹೆಸರು ಅದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಜಾನ್ ಓಕೀಫ್ ಮತ್ತು ಜೊನಾಥನ್ ದೊಸ್ತ್ರೋವ್‌ಸ್ಕಿ ಇಲಿಯ ಹಿಪೊಕ್ಯಾಂಪಸಿನಲ್ಲಿ ವಿಚಿತ್ರ ನರಕೋಶಗಳನ್ನು ಕಂಡರು. ಇಲಿ ಕೋಣೆಯ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಒಂದು ಕೋಶ ಚುರುಕಾಗುತ್ತಿತ್ತು. ಬೇರೆ ಜಾಗಕ್ಕೆ ಸರಿದರೆ ಅದು ಸುಮ್ಮನಾಗಿ ಇನ್ನೊಂದು ಕೋಶ ಏಳುತ್ತಿತ್ತು. 2005ರಲ್ಲಿ ನಾರ್ವೆಯ ಟ್ರಾನ್‌ಹೈಮ್ ನಗರದಲ್ಲಿ ಮೇ-ಬ್ರಿಟ್ ಮೋಸರ್ ಮತ್ತು ಎಡ್ವರ್ಡ್ ಮೋಸರ್ ಅವರ ತಂಡ, ಹಿಪೊಕ್ಯಾಂಪಸಿನ ನೆರೆಯ ಎಂಟೊರೈನಲ್ ಎಂಬ ಪದರದಲ್ಲಿ ಇನ್ನೊಂದು ಬಗೆಯ ಕೋಶಗಳನ್ನು ಪತ್ತೆಹಚ್ಚಿತು. ಇವು ನೆಲವನ್ನೆಲ್ಲ ಜೇನುಗೂಡಿನಂತೆ ಕ್ರಮವಾದ ಮನೆಗಳಾಗಿ ಅಳೆದಿಡುತ್ತವೆ. ಭೂಪಟದ ಮೇಲಿನ ಅಡ್ಡ-ಉದ್ದ ಗೆರೆಗಳು ಮಾಡುವ ಕೆಲಸವೇ ಇದು. ಓಕೀಫ್ ಮತ್ತು ಮೋಸರ್‌ ಇಬ್ಬರಿಗೂ 2014ರ ವೈದ್ಯಕೀಯ ನೊಬೆಲ್ ಬಂದಿತು.

ಹಾಗಾದರೆ ತಿರುವುಗಳ ಸರಪಳಿಯೆಂದು ವಾದಿಸಿದವರು ಸೋತರೇ? ಇಲ್ಲ, ಅವರ ಮಾತೂ ಅರ್ಧ ನಿಜವಾಗಿತ್ತು. ಮಾರ್ಕ್ ಪ್ಯಾಕರ್ಡ್ ಮತ್ತು ಜೇಮ್ಸ್ ಮೆಗಾ 1996ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಸೊಗಸಾಗಿ ತೋರಿಸಿತು. ಕೂಡು ಗುರುತಿನ ಆಕಾರದ ದಾರಿಯಲ್ಲಿ ಇಲಿಯನ್ನು ದಿನವೂ ದಕ್ಷಿಣದ ತುದಿಯಿಂದ ಬಿಡುತ್ತಿದ್ದರು. ತಿಂಡಿ ಪಶ್ಚಿಮದ ತುದಿಯಲ್ಲಿ. ಅಂದರೆ ನಡುವಿನ ಕೂಡಿನಲ್ಲಿ ಎಡಕ್ಕೆ ತಿರುಗಬೇಕು. ಎಂಟನೆಯ ದಿನ ಇಲಿಯನ್ನು ಉತ್ತರದ ತುದಿಯಿಂದ ಬಿಟ್ಟರು. ಹೆಚ್ಚಿನ ಇಲಿಗಳು ಬಲಕ್ಕೆ ತಿರುಗಿ ತಿಂಡಿಯ ಜಾಗದ ಕಡೆಗೇ ಹೋದವು. ಗಾಡಿಯವ ಎಚ್ಚರವಾಗಿದ್ದ. ಇನ್ನೂ ಒಂದು ವಾರ ಅಭ್ಯಾಸ ಮಾಡಿಸಿ ಹದಿನಾರನೆಯ ದಿನ ಮತ್ತೆ ಉತ್ತರದಿಂದ ಬಿಟ್ಟಾಗ, ಹೆಚ್ಚಿನವು ರೂಢಿಯಂತೆ ಎಡಕ್ಕೇ ತಿರುಗಿ ತಿಂಡಿಯಿಲ್ಲದ ತುದಿಗೆ ಹೋಗಿ ನಿಂತವು. ರಜಾ ದಿನದ ಗುಮಾಸ್ತ ಮಾಡಿದ್ದೂ ಇದನ್ನೇ.

ಪ್ರಯೋಗ ಅಲ್ಲಿಗೆ ಮುಗಿಯಲಿಲ್ಲ. ಮಿದುಳಿನ ಆಳದಲ್ಲಿ ಕಾಡೇಟ್ ಎಂಬ ಇನ್ನೊಂದು ಭಾಗವಿದೆ; ರೂಢಿಗಳ ಉಗ್ರಾಣ ಅದು. ಹಲ್ಲಿನ ವೈದ್ಯರು ಒಸಡು ಮರಗಟ್ಟಿಸಲು ಬಳಸುವಂಥ ಮದ್ದನ್ನು ಆ ಭಾಗಕ್ಕೆ ಕೊಟ್ಟು ಅದನ್ನು ತುಸು ಹೊತ್ತು ಸುಮ್ಮನಾಗಿಸಿದಾಗ, ಹದಿನಾರನೆಯ ದಿನದ ಇಲಿಗಳು ಮತ್ತೆ ಸರಿಯಾದ ಜಾಗಕ್ಕೇ ಹೋದವು. ರೂಢಿ ಬಲವಾದ ಮಾತ್ರಕ್ಕೆ ನಕ್ಷೆ ಅಳಿಸಿಹೋಗಿರಲಿಲ್ಲ. ಮೊದಲು ನಕ್ಷೆ ಮೂಡುತ್ತದೆ, ಬಳಕೆಯಿಂದ ರೂಢಿ ಬೆಳೆದು ಅದರ ಮುಂದೆ ಬಂದು ನಿಲ್ಲುತ್ತದೆ.

ಇದರಲ್ಲಿ ದೊಡ್ಡ ಉಳಿತಾಯವಿದೆ. ದಿನವೂ ಸಾಗುವ ದಾರಿಯ ಪ್ರತಿ ತಿರುವಿನಲ್ಲೂ ನಿಂತು ಯೋಚಿಸಬೇಕಾಗಿದ್ದರೆ ಮನುಷ್ಯ ಬೇರಾವುದಕ್ಕೂ ತಲೆ ಕೊಡಲಾಗುತ್ತಿರಲಿಲ್ಲ. ಶಾಲೆಗೆ ನಡೆಯುತ್ತ ಹುಡುಗಿ ಮಗ್ಗಿ ಹೇಳಿಕೊಳ್ಳುವುದು, ಮಾರುಕಟ್ಟೆಗೆ ಹೊರಟ ತಾಯಿ ತಿಂಗಳ ಖರ್ಚು ಲೆಕ್ಕ ಹಾಕುವುದು ಸಾಧ್ಯವಾಗಿರುವುದು ಎತ್ತು ದಾರಿ ನೋಡಿಕೊಳ್ಳುವುದರಿಂದಲೇ. ತೊಂದರೆ ಬರುವುದು ದಾರಿ ಬದಲಾದಾಗ.

ಲಂಡನ್ನಿನ ಟ್ಯಾಕ್ಸಿ ಪರೀಕ್ಷೆ

ಇಲಿಗಳ ಮಾತು ಮನುಷ್ಯರಿಗೂ ಸಲ್ಲುತ್ತದೆಯೆ? ಇದಕ್ಕೆ ಉತ್ತರ ದೊರೆತದ್ದು ಲಂಡನ್ನಿನ ಕಪ್ಪು ಟ್ಯಾಕ್ಸಿಗಳ ಚಾಲಕರಿಂದ. ಆ ಟ್ಯಾಕ್ಸಿ ಓಡಿಸಲು ಪರವಾನಗಿ ಬೇಕಾದರೆ 1865ರಿಂದ ನಡೆದುಬಂದ ಒಂದು ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಅದರ ಹೆಸರೇ 'ದ ನಾಲೆಡ್ಜ್', ಅಂದರೆ ಅರಿವು. ನಗರದ ನಡುವಿನ ಚೇರಿಂಗ್ ಕ್ರಾಸ್‌ನಿಂದ ಸುತ್ತ ಆರು ಮೈಲಿಯೊಳಗಿನ ಸುಮಾರು 25,000 ಬೀದಿಗಳು, ಜೊತೆಗೆ ಆ ಬೀದಿಗಳಲ್ಲಿನ ಆಸ್ಪತ್ರೆ, ಹೋಟೆಲು, ನಾಟಕಶಾಲೆ, ನ್ಯಾಯಾಲಯ ಎಲ್ಲವೂ ತಲೆಯಲ್ಲಿರಬೇಕು.

ಕಲಿಯುವವರಿಗೆ 320 ಓಟಗಳ ಪಟ್ಟಿಯೊಂದಿದೆ. ಅಭ್ಯರ್ಥಿಗಳು ಪುಟ್ಟ ಮೊಪೆಡ್ಡಿನ ಹ್ಯಾಂಡಲಿಗೆ ನಕ್ಷೆ ಸಿಕ್ಕಿಸಿಕೊಂಡು ಮಳೆ ಚಳಿಯೆನ್ನದೆ ಆ ದಾರಿಗಳನ್ನು ಸುತ್ತುತ್ತಾರೆ. ಮನೆಗೆ ಬಂದು ಅದೇ ದಾರಿಯನ್ನು ತಿರುವು ತಿರುವಾಗಿ ಬಾಯಲ್ಲಿ ಒಪ್ಪಿಸುತ್ತಾರೆ. ಕಡೆಗೆ ಪರೀಕ್ಷಕರ ಎದುರು ಸೂಟು ತೊಟ್ಟು ಕೂರಬೇಕು. ಅವರು ಎರಡು ಜಾಗದ ಹೆಸರು ಹೇಳುತ್ತಾರೆ. ನಕ್ಷೆ ನೋಡದೆ, ಅತಿ ಹತ್ತಿರದ ದಾರಿಯನ್ನು ಒಂದೊಂದು ಬೀದಿಯ ಹೆಸರಿನೊಂದಿಗೆ ಹೇಳಬೇಕು. ಇಂಥ ಸಂದರ್ಶನಗಳು ಮೊದಲು 56 ದಿನಕ್ಕೊಮ್ಮೆ, ಆಮೇಲೆ 28 ದಿನಕ್ಕೊಮ್ಮೆ, ಕೊನೆಗೆ 21 ದಿನಕ್ಕೊಮ್ಮೆ ನಡೆಯುತ್ತವೆ. ಎಲ್ಲ ಮುಗಿಯಲು ಮೂರು ನಾಲ್ಕು ವರ್ಷ ಬೇಕು. ನಡುವೆಯೇ ಕೈಚೆಲ್ಲುವವರು ಬಹಳ.

ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿ ಎಲಿನಾರ್ ಮಗ್ವಾಯರ್ ಈ ಚಾಲಕರ ಬೆನ್ನು ಹತ್ತಿದರು. 2025ರಲ್ಲಿ ತೀರಿಕೊಂಡ ಈ ಐರಿಷ್ ಮಹಿಳೆಯ ಹೆಸರು ಮಿದುಳಿನ ವಿಜ್ಞಾನದಲ್ಲಿ ಬಹುಕಾಲ ಉಳಿಯುವಂಥದು. 2000ದಲ್ಲಿ ಅವರ ತಂಡ 16 ಮಂದಿ ಚಾಲಕರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಹಿಪೊಕ್ಯಾಂಪಸಿನ ಹಿಂಭಾಗ ಉಳಿದವರಿಗಿಂತ ದೊಡ್ಡದಾಗಿತ್ತು. ಕಸುಬಿನಲ್ಲಿ ಹೆಚ್ಚು ವರ್ಷ ಕಳೆದವರಲ್ಲಿ ಇನ್ನಷ್ಟು ದೊಡ್ಡದು. ದಿನವಿಡೀ ಗಾಡಿ ಓಡಿಸುವುದರಿಂದ ಹೀಗಾಗಿರಬಹುದಲ್ಲ ಎಂದು ಯಾರಾದರೂ ಕೇಳಬಹುದು. ಅದಕ್ಕಾಗಿ ಅವರು 2006ರಲ್ಲಿ ಅದೇ ಲಂಡನ್ನಿನ ಬಸ್ ಚಾಲಕರನ್ನು ಪರೀಕ್ಷಿಸಿದರು. ಅದೇ ಊರು, ಅದೇ ಸಂಚಾರದ ಗದ್ದಲ, ಆದರೆ ಬಸ್ಸಿಗೆ ಗೊತ್ತುಮಾಡಿದ ಮಾರ್ಗವಿದೆ. ಬಸ್ ಚಾಲಕರಲ್ಲಿ ಆ ಹಿಗ್ಗುವಿಕೆ ಕಾಣಲಿಲ್ಲ.

ಹುಟ್ಟಿನಿಂದಲೇ ಅಂಥ ಮಿದುಳಿದ್ದವರು ಟ್ಯಾಕ್ಸಿ ಕಸುಬಿಗೆ ಬರುತ್ತಾರೇನೋ ಎಂಬ ಅನುಮಾನವೂ ಉಳಿದಿತ್ತು. ಆಗತಾನೇ ಕಲಿಯಲು ತೊಡಗಿದ 79 ಮಂದಿಯನ್ನು ಮೊದಲೇ ಸ್ಕ್ಯಾನ್ ಮಾಡಿ, ವರ್ಷಗಳ ನಂತರ ಮತ್ತೆ ನೋಡಿದ ಫಲಿತಾಂಶ 2011ರಲ್ಲಿ ಹೊರಬಂತು. ತೇರ್ಗಡೆಯಾದವರು 39 ಮಂದಿ. ಆರಂಭದಲ್ಲಿ ಎಲ್ಲರ ಮಿದುಳೂ ಒಂದೇ ಬಗೆಯಾಗಿತ್ತು. ಕೊನೆಯಲ್ಲಿ ತೇರ್ಗಡೆಯಾದವರ ಹಿಪೊಕ್ಯಾಂಪಸಿನ ಹಿಂಭಾಗ ಮಾತ್ರ ಬೆಳೆದಿತ್ತು. ಬೆಳೆದ ಮನುಷ್ಯನ ಮಿದುಳೂ ಕಲಿಕೆಯಿಂದ ಆಕಾರ ಬದಲಿಸುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಇದಕ್ಕೆ ತೆತ್ತ ಬೆಲೆಯೂ ಇತ್ತು. ಹೊಸದೊಂದು ಜಟಿಲ ಚಿತ್ರವನ್ನು ನೋಡಿ, ತುಸು ಹೊತ್ತಿನ ಮೇಲೆ ನೆನಪಿನಿಂದ ಬರೆಯುವ ಪರೀಕ್ಷೆಯಲ್ಲಿ ಈ ಪಾರಂಗತರು ಹಿಂದೆ ಬಿದ್ದರು.

ಹೆದ್ದಾರಿ ಉಳಿಯಿತು, ಓಣಿ ಅಳಿಯಿತು

ಲಂಡನ್ನಿನ ಇನ್ನೊಬ್ಬ ಚಾಲಕನ ಕಥೆ ಇದಕ್ಕಿಂತ ಮನಮುಟ್ಟುವಂಥದು. ವೈದ್ಯಕೀಯ ಲೇಖನಗಳಲ್ಲಿ ಆತನಿಗೆ ಟಿ.ಟಿ. ಎಂದಷ್ಟೇ ಹೆಸರು. ದಶಕಗಳ ಕಾಲ ಟ್ಯಾಕ್ಸಿ ಓಡಿಸಿದ ಆತನಿಗೆ ಕಾಯಿಲೆಯಿಂದ ಎರಡೂ ಕಡೆಯ ಹಿಪೊಕ್ಯಾಂಪಸ್ ಹಾಳಾಯಿತು. ಮಗ್ವಾಯರ್ ಅವರ ತಂಡ ಲಂಡನ್ನಿನ ಬೀದಿಗಳನ್ನು ಇದ್ದಂತೆಯೇ ತೋರಿಸುವ ಕಂಪ್ಯೂಟರ್ ಆಟವೊಂದರಲ್ಲಿ ಆತನಿಗೆ ಟ್ಯಾಕ್ಸಿ ಓಡಿಸಲು ಹೇಳಿತು. ಹೆದ್ದಾರಿಯ ಮೇಲಿರುವವರೆಗೆ ಆತ ಸರಾಗವಾಗಿ ಸಾಗಿದ, ಕಟ್ಟಡಗಳನ್ನು ಗುರುತಿಸಿದ. ಗುರಿ ಮುಟ್ಟಲು ಹೆದ್ದಾರಿ ಬಿಟ್ಟು ಒಳಬೀದಿಗೆ ಇಳಿಯಬೇಕಾಗಿ ಬಂದಾಗ ಮಾತ್ರ, ಕಣ್ಣುಕಟ್ಟಿ ಕಾಡಿನಲ್ಲಿ ಬಿಟ್ಟಂತಾಯಿತು. 2006ರಲ್ಲಿ ಪ್ರಕಟವಾದ ಈ ವರದಿ, ಬಹಳ ಬಳಸಿದ ಹೆದ್ದಾರಿಗಳ ನೆನಪು ಮಿದುಳಿನ ಬೇರೆ ಭಾಗಗಳಲ್ಲಿ ನೆಲೆಗೊಂಡಿರುತ್ತದೆ, ಒಳಬೀದಿಗಳ ಸೂಕ್ಷ್ಮಕ್ಕೆ ಹಿಪೊಕ್ಯಾಂಪಸ್ ಬೇಕೇಬೇಕು ಎಂಬುದನ್ನು ಸೂಚಿಸಿತು.

ಅಮೆರಿಕದ ಇ.ಪಿ. ಎಂಬ ವೃದ್ಧರದು ಇನ್ನೊಂದು ಬಗೆ. 1992ರಲ್ಲಿ ವೈರಸ್ ಸೋಂಕು ಅವರ ಮಿದುಳಿನ ಈ ಭಾಗವನ್ನು ಪೂರ್ತಿ ತಿಂದುಹಾಕಿತು. ಅಲ್ಲಿಂದೀಚೆಗೆ ಹೊಸದೇನೂ ನೆನಪಿನಲ್ಲಿ ನಿಲ್ಲಲಿಲ್ಲ. ಕಾಯಿಲೆಯ ನಂತರ ಹೋಗಿ ನೆಲೆಸಿದ ಬಡಾವಣೆಯ ಬಗ್ಗೆ ಕೇಳಿದರೆ ಒಂದು ಪ್ರಶ್ನೆಗೂ ಉತ್ತರವಿಲ್ಲ. ಆದರೆ ಐವತ್ತು ವರ್ಷದ ಹಿಂದೆ ಬಿಟ್ಟುಬಂದ, ತಾನು ಬೆಳೆದ ಊರಿನ ಬಗ್ಗೆ ಕೇಳಿದಾಗ ಇಂಥಲ್ಲಿಂದ ಇಂಥಲ್ಲಿಗೆ ಹೇಗೆ ಹೋಗಬೇಕು, ಆ ರಸ್ತೆ ಮುಚ್ಚಿದ್ದರೆ ಬಳಸುದಾರಿ ಯಾವುದು ಎಂಬುದನ್ನೆಲ್ಲ ಅದೇ ಊರಿನಲ್ಲಿ ಬೆಳೆದ ಆರೋಗ್ಯವಂತ ಓರಗೆಯವರಿಗೆ ಕಡಿಮೆಯಿಲ್ಲದಂತೆ ಹೇಳಿದರು. ಎಡ್ಮಂಡ್ ಟೆಂಗ್ ಮತ್ತು ಲ್ಯಾರಿ ಸ್ಕ್ವೈರ್ ಇದನ್ನು 1999ರಲ್ಲಿ ವರದಿ ಮಾಡಿದರು. ಬಾಲ್ಯದಲ್ಲಿ ಕಾಲಾಡಿಸಿದ ಊರು ಅಷ್ಟು ಆಳಕ್ಕೆ ಇಳಿದಿರುತ್ತದೆ.

ಮನೆಯಲ್ಲಿ ವಯಸ್ಸಾದವರಿರುವ ಕುಟುಂಬಗಳಿಗೆ ಇದು ದೂರದ ಕಥೆಯಲ್ಲ. ಆಲ್‌ಝೈಮರ್ ಕಾಯಿಲೆ ಮೊದಮೊದಲು ಕೈಹಾಕುವುದೇ ಎಂಟೊರೈನಲ್ ಪದರ ಮತ್ತು ಹಿಪೊಕ್ಯಾಂಪಸಿಗೆ. ಹಾಗಾಗಿ ಪರಿಚಿತ ಜಾಗದಲ್ಲೇ ದಾರಿ ತಪ್ಪುವುದು ಅದರ ಆರಂಭದ ಚಿಹ್ನೆಗಳಲ್ಲಿ ಒಂದು. ದಿನವೂ ಹಾಲು ತರುವ ಅಜ್ಜ ಸರಿಯಾಗಿಯೇ ಬರುತ್ತಿರುತ್ತಾರೆ. ಒಂದು ದಿನ ರಸ್ತೆ ಅಗೆದಿದ್ದರೆಂದು ಪಕ್ಕದ ಬೀದಿಗೆ ತಿರುಗಿದವರು ಗಂಟೆಗಟ್ಟಲೆ ಬರುವುದಿಲ್ಲ. ರೂಢಿಯ ದಾರಿ ಅಷ್ಟು ದಿನ ಕೊರತೆಯನ್ನು ಮುಚ್ಚಿಟ್ಟಿರುತ್ತದೆ. "ಐವತ್ತು ವರ್ಷ ಓಡಾಡಿದ ಬೀದಿ, ಇಷ್ಟೂ ಗೊತ್ತಾಗಲಿಲ್ಲವೆ?" ಎಂದು ಗದರುವುದರಿಂದ ಪ್ರಯೋಜನವಿಲ್ಲ. ಅಂಥ ಪ್ರಸಂಗ ಮರುಕಳಿಸಿದರೆ ವೈದ್ಯರಿಗೆ ತೋರಿಸಬೇಕು.

2024ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದು ಇಲ್ಲಿ ನೆನೆಯುವಂಥದು. ಅಮೆರಿಕದಲ್ಲಿ 2020ರಿಂದ 2022ರವರೆಗೆ ತೀರಿಕೊಂಡವರ ದಾಖಲೆಗಳನ್ನು 443 ಕಸುಬುಗಳಾಗಿ ವಿಂಗಡಿಸಿ ನೋಡಿದಾಗ, ಆಲ್‌ಝೈಮರ್‌ನಿಂದ ಸತ್ತವರ ಪ್ರಮಾಣ ಅತಿ ಕಡಿಮೆ ಇದ್ದದ್ದು ಟ್ಯಾಕ್ಸಿ ಮತ್ತು ಆಂಬುಲೆನ್ಸ್ ಚಾಲಕರಲ್ಲಿ. ಗೊತ್ತಾದ ಮಾರ್ಗದಲ್ಲೇ ಸಾಗುವ ಬಸ್ ಚಾಲಕರಲ್ಲಿ, ವಿಮಾನ ಚಾಲಕರಲ್ಲಿ ಹಾಗಿರಲಿಲ್ಲ. ಒಂದರಿಂದಲೇ ಇನ್ನೊಂದು ಎಂದು ಇದು ಸಾಬೀತುಪಡಿಸುವುದಿಲ್ಲ, ಅಧ್ಯಯನ ಮಾಡಿದವರೇ ಹಾಗೆ ಎಚ್ಚರಿಸಿದ್ದಾರೆ. ಆದರೂ ಯೋಚಿಸಬೇಕಾದ ಸಂಗತಿ.

ಹಿಂದಿನ ಸೀಟಿನ ಮಕ್ಕಳು

ಈಗ ಮಕ್ಕಳ ಕಡೆಗೆ ಬರಬಹುದು. ಲಂಡನ್ನಿನ ಸೋಹೊ ಪ್ರದೇಶದ ಬೀದಿಗಳನ್ನು ಚಲನಚಿತ್ರದಂತೆ ತೋರಿಸಿ 24 ಮಂದಿಯ ಮಿದುಳನ್ನು ಸ್ಕ್ಯಾನ್ ಮಾಡಿದ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು. ತಾವೇ ದಾರಿ ಆರಿಸಿಕೊಳ್ಳಬೇಕಾಗಿದ್ದಾಗ, ಹೊಸ ಬೀದಿಗೆ ಕಾಲಿಟ್ಟ ಕೂಡಲೇ ಅವರ ಹಿಪೊಕ್ಯಾಂಪಸ್ ಚುರುಕಾಗುತ್ತಿತ್ತು. ಆ ಬೀದಿಗೆ ಕವಲು ಹೆಚ್ಚಿದ್ದಷ್ಟೂ ಚುರುಕು ಹೆಚ್ಚು. ಯಂತ್ರವೇ 'ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ' ಎಂದು ಹೇಳಿಕೊಟ್ಟಾಗ ಬೀದಿಯ ಕವಲುಗಳು ಅದರಲ್ಲಿ ಯಾವ ಸಂಚಲನವನ್ನೂ ಉಂಟುಮಾಡಲಿಲ್ಲ. ಕಣ್ಣು ಬೀದಿಯನ್ನು ನೋಡಿತು, ನಕ್ಷೆ ಬರೆಯುವವನು ಮಾತ್ರ ಪೆನ್ಸಿಲು ಹಿಡಿಯಲಿಲ್ಲ.

ಮೊಬೈಲಿನ ಮಾರ್ಗದರ್ಶನ ಅಪರಿಚಿತ ಊರಿನಲ್ಲಿ ದೊಡ್ಡ ಉಪಕಾರ, ಸಂದೇಹವಿಲ್ಲ. ಆದರೆ ಶಾಲೆಯ ವ್ಯಾನಿನಲ್ಲೋ ಅಪ್ಪನ ಕಾರಿನ ಹಿಂದಿನ ಸೀಟಿನಲ್ಲೋ ಕೂತು ಹತ್ತು ವರ್ಷ ಶಾಲೆಗೆ ಹೋದ ಮಗುವಿನ ಸ್ಥಿತಿಯೂ ಹೆಚ್ಚುಕಡಿಮೆ ಅದೇ. ಒಂದು ಕವಲನ್ನೂ ಅದು ತಾನಾಗಿ ಆರಿಸಿಕೊಂಡಿಲ್ಲ. ಹತ್ತನೆಯ ತರಗತಿಯ ಜಾಣ ವಿದ್ಯಾರ್ಥಿಯನ್ನು, ಮನೆಯಿಂದ ಶಾಲೆ ಯಾವ ದಿಕ್ಕಿಗಿದೆ ಎಂದು ಕೇಳಿದರೆ ಅವನು ತಡವರಿಸುವುದರಲ್ಲಿ ಆಶ್ಚರ್ಯವಿಲ್ಲ. 38 ದೇಶಗಳ ಸುಮಾರು 4 ಲಕ್ಷ ಜನ ಆಡಿದ ದಾರಿ ಹುಡುಕುವ ಆಟವೊಂದನ್ನು ವಿಶ್ಲೇಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಗರದ ಹೊರಗೆ ಬೆಳೆದವರು ಒಟ್ಟಾರೆಯಾಗಿ ಮುಂದಿದ್ದರು. ಚೌಕುಳಿಯಂತೆ ನೇರ ರಸ್ತೆಗಳ ನಗರಗಳಿರುವ ದೇಶಗಳಲ್ಲಿ ಈ ಅಂತರ ಇನ್ನೂ ಹೆಚ್ಚು. ಸೊಟ್ಟ ದಾರಿಗಳ ನಡುವೆ ಬಾಲ್ಯ ಕಳೆದವರಿಗೆ ಅದರ ಫಲ ದೊಡ್ಡವರಾದ ಮೇಲೂ ಉಳಿದಿತ್ತು.

ತಂದೆತಾಯಿಯರ ಆತಂಕ ಸುಳ್ಳಲ್ಲ. ಇಂದಿನ ರಸ್ತೆಗಳಲ್ಲಿ ಮಕ್ಕಳನ್ನು ಒಂಟಿಯಾಗಿ ಕಳಿಸುವ ಧೈರ್ಯ ಎಲ್ಲರಿಗೂ ಬಾರದು, ಬರಬೇಕೆಂದೂ ಇಲ್ಲ. ಅದಕ್ಕೆ ನಡುವಿನ ದಾರಿಗಳಿವೆ. ದಿನಸಿ ಅಂಗಡಿಗೋ ದೇವಸ್ಥಾನಕ್ಕೋ ಹೋಗುವಾಗ ಮಗು ಮುಂದೆ, ದೊಡ್ಡವರು ಹಿಂದೆ ನಡೆಯಬಹುದು. ಹೋದ ದಾರಿಯಲ್ಲೇ ಮರಳದೆ ಬೇರೆ ಬೀದಿಯಿಂದ ಬರಬಹುದು. ಮನೆಗೆ ಬಂದ ಮೇಲೆ ಹಾಳೆಯ ಮೇಲೆ ಆ ದಾರಿಯನ್ನು ಬರೆಯಿಸಬಹುದು. ಅಜ್ಜನ ಊರಿಗೆ ಹೋದಾಗ ಹೊಲದ ದಾರಿಯಲ್ಲಿ ಮಕ್ಕಳನ್ನು ಅಜ್ಜನ ಜೊತೆ ಬಿಡಬಹುದು. ವ್ಯಾನಿನಲ್ಲೇ ಹೋಗಬೇಕಾದ ವಿದ್ಯಾರ್ಥಿ ಲಂಡನ್ನಿನ ಅಭ್ಯರ್ಥಿಗಳಂತೆ ರಾತ್ರಿ ಮಲಗುವ ಮುನ್ನ ಆ ದಿನದ ದಾರಿಯನ್ನು ತಿರುವು ತಿರುವಾಗಿ ತನಗೆ ತಾನೇ ಒಪ್ಪಿಸಿಕೊಳ್ಳಬಹುದು. ಓಡಾಡಿದ ದಾರಿಯ ಕೋಶಗಳು ನಿದ್ದೆಯಲ್ಲಿ ಮತ್ತೆ ಜೊತೆಯಾಗಿ ಮಿಡಿಯುತ್ತವೆ ಎಂದು ಇಲಿಗಳಲ್ಲಿ 1994ರಲ್ಲೇ ಕಂಡುಬಂದಿದೆ. ನಿದ್ದೆಗೆಟ್ಟು ಓದುವವರೂ ಗಮನಿಸಬೇಕಾದ ಮಾತು ಇದು.

ದೊಡ್ಡವರು ಕಲಿಯಬೇಕಾದದ್ದು ಒಂದೇ. ಕವಲಿನಲ್ಲಿ ಮಗು ನಿಂತು ಅತ್ತಿತ್ತ ನೋಡುವಾಗ, ತಕ್ಷಣ ಕೈ ತೋರಿಸಿಬಿಡುವ ಆತುರವನ್ನು ತಡೆದುಕೊಳ್ಳಬೇಕು. "ಈಗ ಯಾವ ಕಡೆ?" ಎಂದು ಕೇಳಿ ಸುಮ್ಮನೆ ಕಾಯಬೇಕು. ಮಗು ತಪ್ಪು ಬೀದಿಗೆ ತಿರುಗಿದರೂ ಹಿಂದೆಯೇ ನಡೆದರಾಯಿತು. ಮನೆ ಸೇರುವುದು ಹತ್ತು ನಿಮಿಷ ತಡವಾಗುತ್ತದೆ, ಅಷ್ಟೆ.